ಹೆಗಲು ಬದಲಿಸದ ಬೋಯಿ

“ಸರ್, ಒಮ್ಮೆಯೂ ಕೈಕೊಡದ ಲೈನಿನ ಮೇಲೆ ಇನ್ನಷ್ಟು ಭಾರ ಹಾಕಿದರೆ ತಪ್ಪೇನು?” ಎಂದು ನಿವೇದಿತಾ ಕೇಳಿದಳು.

ಕೇಳಿದ್ದು ಪಂಚಾಕ್ಷರಪ್ಪ ಮೇಷ್ಟ್ರನ್ನು. ವಿದ್ಯುತ್ ಜಾಲದ ಪಾಠವನ್ನು ಆಯುಷ್ಯವೆಲ್ಲ ಹೇಳಿ ದಣಿದವರು ಅವರು. ಶಿಷ್ಯೆಯೂ ದಣಿದಿದ್ದಳು. ನಗರಕ್ಕೆ ಕರೆಂಟು ತರುವ ದೊಡ್ಡ ಲೈನುಗಳಲ್ಲಿ ಯಾವುದನ್ನು ಎಷ್ಟು ನಂಬಬಹುದು ಎಂದು ಹೇಳುವ ಗಣಿತದ ಮಾದರಿಯೊಂದನ್ನು ಅವಳು ತಿಂಗಳುಗಟ್ಟಲೆ ಕೂತು ಕಟ್ಟಿದ್ದಳು. ಅಳತೆ ಸರಳವಾಗಿತ್ತು. ಹೆಚ್ಚು ಸಲ ನಿಂತ ಲೈನು ದುರ್ಬಲ, ಕಡಿಮೆ ಸಲ ನಿಂತದ್ದು ಗಟ್ಟಿ.

ಉತ್ತರದ ಲೈನು ಒಮ್ಮೆಯೂ ನಿಂತಿರಲಿಲ್ಲ. ಆಫೀಸಿನಲ್ಲಿ ಅದನ್ನು ಹಿರಿಸೊಸೆ ಎಂದು ಕರೆದು ನಗುತ್ತಿದ್ದರು. ಹಬ್ಬ ಬಂದರೂ ಜ್ವರ ಬಂದರೂ ಕೆಲಸ ಬಿಡದವಳು. ಅದನ್ನು ಎರಡು ದಿನ ನಿಲ್ಲಿಸಿಕೊಡಿ, ಒಮ್ಮೆ ಕಂಬ ಹತ್ತಿ ನೋಡಬೇಕು ಎಂದು ದುರಸ್ತಿಯವರು ಕೇಳಿದ್ದರು. ನಿಲ್ಲಿಸುವುದು ಬೇಡ, ಹೊಸ ಬಡಾವಣೆಗಳ ಭಾರವನ್ನೂ ಅದಕ್ಕೇ ಹಾಕಬಹುದು ಎಂದು ನಿವೇದಿತಾಳ ಮಾದರಿ ಹೇಳುತ್ತಿತ್ತು. ಆ ಲೈನನ್ನು ನಂಬಿಕೊಂಡು ನಗರದ ದೊಡ್ಡಾಸ್ಪತ್ರೆ ಇತ್ತು. ಮರುದಿನ ವರದಿ ಕೊಡಬೇಕಿತ್ತು. ತಪ್ಪಿಲ್ಲ ಎಂದು ಮೇಷ್ಟ್ರ ಬಾಯಿಂದ ಒಂದು ಮಾತು ಬಂದರೆ ಮನೆಗೆ ಹೋಗಿ ಮಲಗಬಹುದು ಎಂದುಕೊಂಡು ಅವಳು ಬಂದಿದ್ದಳು.

“ಕೂತ್ಕೊಳಮ್ಮ” ಎಂದು ಮೇಷ್ಟ್ರು ಕತೆ ಶುರುಮಾಡಿದರು.

ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆ ಅವಳನ್ನು ಗಂಡನ ಊರಿನಿಂದ ತವರಿಗೆ ಕರೆತರಬೇಕಾಗಿತ್ತು. ನಡುವೆ ಒಂದು ಘಟ್ಟ. ಗಾಡಿಯ ಕುಲುಕಾಟ ಬಸುರಿಗೆ ಆಗದೆಂದು ಅವನು ಪಲ್ಲಕ್ಕಿ ಗೊತ್ತು ಮಾಡಿದ. ಹೊರಲು ಆರು ಮಂದಿ ಬೋಯಿಗಳು ಬಂದರು. ನಾಲ್ವರು ಹೊರುವುದು, ಇಬ್ಬರು ಬರಿ ಹೆಗಲಲ್ಲಿ ಪಕ್ಕದಲ್ಲಿ ನಡೆಯುವುದು. ಹೊತ್ತವರಲ್ಲಿ ಯಾರಿಗೆ ಸಾಕೆನಿಸಿತೋ ಅವನು ‘ಹೆಗಲು’ ಎಂದು ಕೂಗುತ್ತಾನೆ. ಪಲ್ಲಕ್ಕಿ ಇಳಿಸುತ್ತಾರೆ. ಪಕ್ಕದಲ್ಲಿದ್ದವನು ಬಂದು ಹೆಗಲು ಕೊಡುತ್ತಾನೆ, ದಣಿದವನು ಬರಿ ಹೆಗಲಲ್ಲಿ ನಡೆಯುತ್ತಾನೆ. ಬೋಯಿಗಳ ಪದ್ಧತಿ ಅದು.

ವರ್ತಕ ಕುದುರೆಯ ಮೇಲೆ ಜೊತೆಗೆ ಹೊರಟ. ಹೊತ್ತು ಮುಳುಗುವುದರೊಳಗೆ ಘಟ್ಟ ದಾಟಬೇಕೆಂಬುದೊಂದೇ ಅವನ ಚಿಂತೆ. ಪಲ್ಲಕ್ಕಿ ಇಳಿದಾಗೆಲ್ಲ ಜೀವ ಬಾಯಿಗೆ ಬಂದಂತಾಗುತ್ತಿತ್ತು. ಮೊದಲ ಸಲ ಸುಮ್ಮನಿದ್ದ. ಮತ್ತೆ ಇಳಿಸಿದಾಗ, ಮೊಸರಿನ ಗಡಿಗೆ ಹೊತ್ತ ಹೆಂಗಸರೂ ಇದಕ್ಕಿಂತ ದೂರ ನಡೆಯುತ್ತಾರೆ ಎಂದ. ಆಮೇಲೆ ಕೂಗಿದವನನ್ನು, ನೀನು ಒಳಗೆ ಕೂತ್ಕೊ, ನಾನೇ ಹೊರುತ್ತೇನೆ ಎಂದು ಅಣಕಿಸಿದ. ಉಳಿದ ಬೋಯಿಗಳು ನಕ್ಕರು. ಕೂಗಿದವನೂ ತಲೆ ತಗ್ಗಿಸಿ ನಕ್ಕ.

ಅವರಲ್ಲಿ ಒಬ್ಬ ಮಾತ್ರ ಒಮ್ಮೆಯೂ ಕೂಗಿರಲಿಲ್ಲ. ಸುತ್ತಲಿನವರೆಲ್ಲ ಬದಲಾದರೂ ಅವನು ಬದಲಾಗಲಿಲ್ಲ. ವರ್ತಕನ ಕಣ್ಣು ಅವನ ಮೇಲೆ ನಿಂತಿತು. ಬೋಯಿಯೆಂದರೆ ಇವನು ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದ.

ಘಟ್ಟದ ಬುಡಕ್ಕೆ ಬಂದಾಗ ವರ್ತಕ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪದೇ ಪದೇ ಕೂಗುವವರು ನಡುದಾರಿಯಲ್ಲಿ ಕೈಕೊಡುವವರು. ಅಂಥವರ ಹೆಗಲಿಗೆ ಮಗಳನ್ನು ಒಪ್ಪಿಸುವುದು ಹೇಗೆ? ಹೆಚ್ಚು ಸಲ ಕೂಗಿದ ಇಬ್ಬರನ್ನು ಅಲ್ಲಿಂದಲೇ ವಾಪಸು ಕಳುಹಿಸಿದ. ಅವರು ಕೈಮುಗಿದು, ಏರು ದಾರಿ, ಪಕ್ಕದಲ್ಲಾದರೂ ಬರುತ್ತೇವೆ ಎಂದರು. ವರ್ತಕ ಕೇಳಲಿಲ್ಲ. ಏರಿನಲ್ಲಿ ಭಾರವೆಲ್ಲ ಹಿಂದೆ ಹೊತ್ತವರ ಮೇಲೆ ಬೀಳುತ್ತದೆ. ಆದ್ದರಿಂದ ಒಮ್ಮೆಯೂ ಕೂಗದವನನ್ನು ಹಿಂದಕ್ಕೆ ಹಾಕಿಸಿದ. ವರ್ತಕ ಕೆಟ್ಟವನಲ್ಲ. ಮಗಳ ಮೇಲಿನ ಅಕ್ಕರೆಯಿಂದಲೇ ಹಾಗೆ ಮಾಡಿದ.

ಸ್ವಲ್ಪ ದೂರ ಹತ್ತಿದ ಮೇಲೆ ಮಗಳು ಪರದೆ ಸರಿಸಿದಳು.

“ಅಪ್ಪಾ, ಹಿಂದಿನವರ ಉಸಿರು ಕೇಳಿಸ್ತಾ ಇದೆ. ಒಂದು ಗಳಿಗೆ ಇಳಿಸೋಕೆ ಹೇಳಿ.”

“ಅವನು ಕೂಗಿಲ್ಲವಲ್ಲ ಮಗಳೇ. ಬೇಕಾದರೆ ಕೂಗ್ತಾನೆ.”

ಅವನು ಕೂಗಲಿಲ್ಲ. ಒಂದು ತಿರುವಿನಲ್ಲಿ ಮಂಡಿಯೂರಿ ಕುಸಿದ. ಅವನ ಪಾಲಿನ ಭಾರ ಒಮ್ಮೆಗೇ ಉಳಿದ ಮೂವರ ಮೇಲೆ ಬಿತ್ತು. ಅವರೂ ಬುಡದಿಂದ ಹೆಗಲು ಬದಲಿಸದೆ ಬಂದವರು. ಅವನ ಜೊತೆಗೆ ಹಿಂದೆ ಹೊತ್ತಿದ್ದವನು ತಡೆಯಲು ನೋಡಿದ, ಆಗಲಿಲ್ಲ. ಅವನು ಬಿದ್ದೊಡನೆ ಮುಂದಿನ ಇಬ್ಬರೂ ಬಿದ್ದರು. ಓಡಿಬಂದು ಹಿಡಿಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಪಲ್ಲಕ್ಕಿ ಕಲ್ಲುಗಳ ಮೇಲೆ ಉರುಳಿತು.

ಮಗಳು ಉಳಿದಳು. ಮಗು ಉಳಿಯಲಿಲ್ಲ.

ಎಷ್ಟೋ ದಿನಗಳ ಮೇಲೆ ವರ್ತಕ ಆ ಬೋಯಿಯ ಮನೆ ಹುಡುಕಿಕೊಂಡು ಹೋದ. ಬೈಯಲು ಹೋಗಿರಲಿಲ್ಲ, ಬೈಯುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಬೋಯಿ ಜಗಲಿಯ ಮೇಲೆ ಕೂತಿದ್ದ. ಅವನ ಬಲಗೈ ಮೇಲಕ್ಕೆ ಏಳುತ್ತಿರಲಿಲ್ಲ. ವರ್ತಕ ಅವನ ಪಕ್ಕದಲ್ಲೇ ಕೂತ.

“ಒಂದೇ ಒಂದು ಸಲ ಕೂಗಬಾರದಿತ್ತೇನಪ್ಪ?”

“ಕೂಗಿದವರನ್ನು ನೀವು ವಾಪಸು ಕಳಿಸಿದಿರಿ, ಧಣಿ.”

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ನಿವೇದಿತಾಳಿಗೆ ಆ ಮಗಳು ಕೇಳಿಸಿಕೊಂಡ ಉಸಿರು ತನಗೂ ಕೇಳಿಸಿದಂತಾಯಿತು. ಹಾಗಾದರೆ ಉತ್ತರದ ಲೈನನ್ನು ನಿಲ್ಲಿಸಿ ನೋಡಲಿ ಎಂದೇ ವರದಿಯಲ್ಲಿ ಬರೆಯುತ್ತೇನೆ ಎಂದು ಮೆಲ್ಲಗೆ ಹೇಳಿದಳು. ಅದಕ್ಕೆ ಮೇಷ್ಟ್ರು ಸರಿ ಎಂಬಂತೆ ತಲೆಯಾಡಿಸಿದರು. ಅವಳಿಗೆ ಸ್ವಲ್ಪ ಧೈರ್ಯ ಬಂತು. ಆದರೆ ಮಾದರಿ ತಪ್ಪಲ್ಲವಲ್ಲ ಸರ್, ಉಳಿದ ಲೈನುಗಳು ದುರ್ಬಲವೇ, ಅವು ಎಷ್ಟೋ ಸಲ ನಿಂತಿವೆ ಎಂದಳು.

ಮೇಷ್ಟ್ರು ಕಣ್ಣು ತೆರೆಯದೆಯೇ ಕೇಳಿದರು:

“ಅವು ಬಿದ್ದು ನಿಂತವೋ, ಹೆಗಲು ಬದಲಿಸಲು ನಿಂತವೋ, ಅದನ್ನು ವಿಚಾರಿಸಿದ್ದೀಯೇನಮ್ಮ?”