ಈರನೂ ಮೇಷ್ಟ್ರ ಪುಟಾಣಿ ವಿಮಾನಗಳೂ

ಹಿಂದೆ ಕೂತವರು ಮುಂದೆ ಬನ್ನಿ, ಮುಂದೆ ಕೂತವರು ನಗು ಬಂದರೆ ತಡೆಯಬೇಡಿ. ಇದು ಈರನ ಕತೆ. ಈರ ಅಂದರೆ ಈರಭದ್ರ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲಿ ಎಲ್ಲೋ ಕೂತು ಸುಧಾರಿಸಿಕೊಳ್ಳುತ್ತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಗುಣ, ಅವನ ತಾಯಿಗೆ ಅದೇ ಕಾಟ.

ತಾಯಿ ಮಾಳಮ್ಮನದು ಅರಸೀಕೆರೆಯ ರೈಲ್ವೆ ಗೇಟಿನ ಆಚೆ, ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ. ಒಂದು ದಿನ ಅವಳು ವಕೀಲರ ಕಪ್ಪು ಕೋಟು ಹಾಸಿ, ‘ಈರ, ಚೆನ್ನಾಗಿ ಒತ್ತಿ ಹಿಡಿ. ಸುಕ್ಕು ಹೋಗೋಗಂಟ ಎತ್ತಬ್ಯಾಡ’ ಅಂದು ಟೀ ಕುಡಿಯಲು ಹೋದಳು. ಈರ ಒತ್ತಿ ಹಿಡಿದ. ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಸುಕ್ಕು ಇದೆಯೋ ಹೋಯಿತೋ ಅವನಿಗೆ ಹೇಗೆ ಕಾಣಬೇಕು? ಮಾಳಮ್ಮ ಬರುವಷ್ಟರಲ್ಲಿ ಸುಕ್ಕೂ ಇರಲಿಲ್ಲ, ಕೋಟಿನ ಬೆನ್ನೂ ಇರಲಿಲ್ಲ.

‘ಹಂಗೆ ಮಾಡ್ತಾರೇನ್ಲಾ ಮಗ?’ ಮಾಳಮ್ಮ ಹಣೆ ಚಚ್ಚಿಕೊಂಡಳು. ‘ಒತ್ತಬಾರದು ಕಣೋ. ಬೆರಳ ತುದೀಲಿ ಮೆಲ್ಲಗೆ ಮುಟ್ಟಿ ಮುಟ್ಟಿ ನೋಡಬೇಕು.’

‘ಆಯ್ತು ಕಣವ್ವ. ಇನ್ನೊಂದು ಸಲ ನೀನಂದಂಗೇ ಮಾಡ್ತೀನಿ.’

ಅದೇ ಬೀದಿಯಲ್ಲಿ ಗುರುಪಾದಪ್ಪ ಮೇಷ್ಟ್ರು ಅಂತ ಒಬ್ಬರಿದ್ದರು. ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮದುವೆ ಆಗಿರಲಿಲ್ಲ. ವಿಮಾನದ ಹುಚ್ಚು ಇತ್ತು, ಬೇರೆಯದಕ್ಕೆ ಮನೆಯಲ್ಲಿ ಜಾಗ ಇರಲಿಲ್ಲ. ದೊಡ್ಡ ವಿಮಾನವನ್ನೇ ಅಳತೆ ತಪ್ಪದೆ ಅಂಗೈಯಷ್ಟಕ್ಕೆ ಇಳಿಸುವರು. ಕಾರೂ ಮಾಡುವರು, ಬಸ್ಸೂ ಮಾಡುವರು. ಊರೂರಿಂದ ಜನ ತಮ್ಮ ಮುರಿದ ಪುಟಾಣಿ ಗಾಡಿಗಳನ್ನು ತಂದು ರಿಪೇರಿಗೆ ಕೊಟ್ಟು ಹೋಗುವರು. ಆದರೆ ಮೇಷ್ಟ್ರ ಕೈ ಈಚೆಗೆ ನಡುಗುತ್ತಿತ್ತು. ನೇರ ಗೆರೆ ಎಳೆಯಲು ಹೋದರೆ ಸೊಟ್ಟಗಾಗುತ್ತಿತ್ತು. ಒಬ್ಬ ಸಹಾಯಕ ಬೇಕಾಗಿದ್ದ.

ಮಾಳಮ್ಮ ಹೋಗಿ ಕೈ ಮುಗಿದಳು. ‘ಹೋಟ್ಲಲ್ಲಿ ಇಟ್ಕೊಂಡು ಓಡ್ಸಿದ್ರು, ಗಿರಣೀಲಿ ಇಟ್ಕೊಂಡು ಓಡ್ಸಿದ್ರು. ಊರಲ್ಲಿ ಉಳಿದಿರೋ ಮನೆ ನಿಮ್ಮದೊಂದೇ, ಬುದ್ಧಿ. ನಾನು ಕಣ್ಣು ಮುಚ್ಚಿದ ಮ್ಯಾಲೆ ಇವನನ್ನ ಯಾರು ಕರೀತಾರೆ? ಅದೊಂದೇ ಯೋಚ್ನೆ ನಂಗೆ.’

‘ಕಳಿಸಮ್ಮ, ನೋಡೋಣ’ ಅಂದರು ಮೇಷ್ಟ್ರು.

ಮೊದಲ ದಿನ ಮೇಷ್ಟ್ರು ಒಂದು ಕಾರಿಗೆ ಆಗಷ್ಟೇ ಕೆಂಪು ಬಣ್ಣ ಹೊಡೆದು, ‘ಈರ, ಇದನ್ನ ನೋಡ್ಕೋ’ ಅಂದು ಸ್ನಾನಕ್ಕೆ ಹೋದರು. ಈರನಿಗೆ ಅವ್ವ ಹೇಳಿದ್ದು ನೆನಪಾಯಿತು. ಬೆರಳ ತುದಿಯಲ್ಲಿ ಮೆಲ್ಲಗೆ ಮುಟ್ಟಿ ಮುಟ್ಟಿ ನೋಡಿದ. ಬಾನೆಟ್ಟು ಮುಟ್ಟಿದ, ಬಾಗಿಲು ಮುಟ್ಟಿದ, ಡಿಕ್ಕಿ ಮುಟ್ಟಿದ. ಮೇಷ್ಟ್ರು ಬಂದು ನೋಡಿದರೆ ಕಾರಿಗೆ ಸಿಡುಬು ಎದ್ದಿತ್ತು.

ಸಂಜೆ ಮಗನ ಕೆಂಪು ಬೆರಳು ನೋಡಿಯೇ ಮಾಳಮ್ಮನಿಗೆ ತಿಳಿಯಿತು. ‘ಹಂಗೆ ಮಾಡ್ತಾರೇನ್ಲಾ ಮಗ? ಹಸಿ ಇದ್ದದ್ದನ್ನ ಮುಟ್ಟಬಾರದು. ತಗಡಿನ ಶೀಟಿನ ಮ್ಯಾಲೆ ಹರವಿ, ಮಟಮಟ ಬಿಸಿಲಲ್ಲಿ ಒಣಗಾಕಬೇಕು.’

‘ಆಯ್ತು ಕಣವ್ವ. ಇನ್ನೊಂದು ಸಲ ನೀನಂದಂಗೇ ಮಾಡ್ತೀನಿ.’

ಮಾರನೆಯ ದಿನ ಮೇಷ್ಟ್ರು ಯಾರದೋ ಪ್ಲಾಸ್ಟಿಕ್ ವಿಮಾನದ ರೆಕ್ಕೆಗೆ ಅಂಟು ಹಾಕಿ ಕೂರಿಸಿ, ‘ಇನ್ನೂ ಹಸಿ ಇದೆ, ಜೋಪಾನ’ ಅಂದರು. ಈರ ಮುಟ್ಟಲಿಲ್ಲ. ಅದನ್ನು ಇಟ್ಟಿದ್ದ ಹಲಗೆ ಸಮೇತ ಎತ್ತಿಕೊಂಡು ಸೂರು ಹತ್ತಿ, ತಗಡಿನ ಶೀಟಿನ ಮೇಲೆ ವಿಮಾನವನ್ನು ಜಾರಿಸಿ ಬಂದ. ಅದು ಏಪ್ರಿಲ್ ತಿಂಗಳು. ಮಧ್ಯಾಹ್ನದ ಹೊತ್ತಿಗೆ ವಿಮಾನದ ಎರಡು ರೆಕ್ಕೆಯೂ ಬಾಡಿದ ಬಾಳೆ ಎಲೆಯ ಹಾಗೆ ಜೋತುಬಿದ್ದು, ಮೂತಿ ಶೀಟಿಗೆ ಅಂಟಿಕೊಂಡಿತ್ತು.

ಮೇಷ್ಟ್ರು ಅದನ್ನು ಚಾಕುವಿನಲ್ಲಿ ಕೆರೆದು ತೆಗೆದರು. ಬೈದರು. ಬೈದು ಸುಸ್ತಾಗಿ ನೀರು ಕುಡಿದರು.

‘ಹಂಗೆ ಮಾಡ್ತಾರೇನ್ಲಾ ಮಗ?’ ಮಾಳಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ‘ನಾಜೂಕಾದದ್ದು ಬಿಸಿಲು ತಡೀತದಾ? ರೇಷ್ಮೆ ಸೀರೆನ ನಾನೇನು ಮಾಡ್ತೀನಿ, ನೋಡಿಲ್ವಾ? ನೀರು ಚಿಮುಕಿಸಿ, ನೀಟಾಗಿ ಮಡಿಸಿ, ಗಂಟು ಕಟ್ಟಿ ನೆರಳಲ್ಲಿ ಇಡಬೇಕು.’

‘ಆಯ್ತು ಕಣವ್ವ. ಇನ್ನೊಂದು ಸಲ ನೀನಂದಂಗೇ ಮಾಡ್ತೀನಿ.’

ಮಾಡಿದ. ಮೇಷ್ಟ್ರು ಹಿಂದಿನ ಮಳೆಗಾಲವೆಲ್ಲ ಕೂತು, ನಡುಗುವ ಕೈಯಲ್ಲೇ, ತೆಳ್ಳನೆಯ ಕಡ್ಡಿಗಳಿಗೆ ತೆಳ್ಳನೆಯ ಕಾಗದ ಹೊದಿಸಿ ಒಂದು ವಿಮಾನ ಮಾಡಿದ್ದರು. ‘ಬಹಳ ನಾಜೂಕು ಕಣಪ್ಪ ಇದು. ಒಳಗೆ ಇಡು’ ಅಂದರು. ಈರ ನೀರು ಚಿಮುಕಿಸಿದ. ಬಲಗಡೆಯ ರೆಕ್ಕೆ ಮಡಿಸಿದ, ಎಡಗಡೆಯದನ್ನು ಅದರ ಮೇಲೆ ಮಡಿಸಿದ, ಬಾಲವನ್ನು ಒಳಗೆ ಸೇರಿಸಿದ. ಮೇಷ್ಟ್ರ ಟವಲಿನಲ್ಲಿ ಗಂಟು ಕಟ್ಟಿ ಮಂಚದ ಕೆಳಗೆ ನೆರಳಲ್ಲಿ ಇಟ್ಟ.

ಮೇಷ್ಟ್ರು ಗಂಟು ಬಿಚ್ಚಿ ನೋಡಿದರು. ಈ ಸಲ ಬೈಯಲಿಲ್ಲ. ‘ಈರ, ನಾಳೆಯಿಂದ ಬರಬೇಡಪ್ಪ’ ಅಂದರು, ಅಷ್ಟೇ.

ಮಾಳಮ್ಮ ಇಸ್ತ್ರಿಪೆಟ್ಟಿಗೆ ಇಟ್ಟಲ್ಲೇ ಬಿಟ್ಟು ಓಡಿದಳು. ಮೇಷ್ಟ್ರ ಬಾಗಿಲಲ್ಲಿ ನಿಂತು ಅತ್ತಳು. ‘ತಪ್ಪು ಅವನದಲ್ಲ ಬುದ್ಧಿ, ನಂದು. ಅವನು ನಿಮ್ಮ ಕೆಲಸ ಮಾಡಿದ್ದು ನನ್ನ ಬಟ್ಟೆ ಕೆಲಸದ ಬುದ್ಧೀಲಿ. ನಾನಿನ್ನು ಬಾಯಿ ಬಿಡಲ್ಲ. ನಿಮ್ಮ ಕೆಲಸದ ಬುದ್ಧಿ ನೀವೇ ಹೇಳಿ. ಇದೊಂದು ಸಲ.’

ಮೇಷ್ಟ್ರು ಟವಲಿನ ಗಂಟನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಈರನನ್ನು ಎದುರು ಕೂರಿಸಿಕೊಂಡು, ‘ನಿನಗೆ ಎರಡೇ ಮಾತು. ಮುರಿದದ್ದು ಕಂಡರೆ, ಎರಡೂ ತುಂಡನ್ನ ನೇರ ಮಾಡಿ ಹಿಡ್ಕೋ. ನಾನು ಬಿಡು ಅನ್ನೋವರೆಗೂ ಬಿಡಬೇಡ. ಮುರಿದ ಕಡೆ ಬಿರುಕು ಮುಚ್ಚೋ ಬಿಳೀ ಪುಟ್ಟಿ ಮೆತ್ತಿದ್ದು ಕಂಡರೆ, ಒಣಗಿದ ಮೇಲೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ನುಣ್ಣಗೆ ಮಾಡಿ ಬಣ್ಣ ಹೊಡಿ. ಮೂರನೇದು ಏನೂ ಮಾಡಬೇಡ’ ಅಂದರು.

‘ಆಯ್ತು ಮೇಷ್ಟ್ರೇ. ನೀವಂದಂಗೇ ಮಾಡ್ತೀನಿ.’

ನೋಡಿ, ಪೆದ್ದ ಅಂತ ನಾವು ಸುಲಭವಾಗಿ ಅಂದುಬಿಡುತ್ತೇವೆ. ಹಿಡಿ ಅಂದರೆ ಈರನ ಕೈ ಗೂಟದ ಹಾಗೆ ನಿಲ್ಲುತ್ತಿತ್ತು. ನೊಣ ಕೂತರೂ ಅಲ್ಲಾಡದು. ಬಣ್ಣ ಹೊಡೆದರೆ ಕುಂಚ ಗೆರೆ ದಾಟದು. ಮುರಿದ ರೆಕ್ಕೆಗಳು ಕೂಡಿದವು, ಚಕ್ರಗಳು ತಿರುಗಿದವು. ಸಂಜೆ ಮಾಳಮ್ಮ ‘ಇವತ್ತೇನು ಮಾಡಿದ್ಯಪ್ಪ?’ ಅಂತ ಹೆದರಿ ಹೆದರಿ ಕೇಳಿದರೆ, ‘ಹಿಡಿದೆ ಕಣವ್ವ. ಉಜ್ಜಿದೆ ಕಣವ್ವ’ ಅನ್ನುತ್ತಿದ್ದ. ಅವಳು ಊಟ ಬಡಿಸಿ ಸುಮ್ಮನೆ ಅವನ ತಲೆ ಸವರುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಮಾಳಮ್ಮ ಗಾಡಿಯಲ್ಲಿ ಇದ್ದಿಲು ಊದುತ್ತಿದ್ದಾಗ ಮೇಷ್ಟ್ರ ಮನೆಯಿಂದ ‘ಅವ್ವೋ’ ಅಂತ ಈರನ ಕೂಗು ಕೇಳಿತು. ಇವತ್ತು ಏನು ಸುಟ್ಟನೋ, ಏನು ಮಡಿಸಿದನೋ ಅಂದುಕೊಂಡು ಓಡಿದಳು. ಮೇಷ್ಟ್ರು ಒಂದು ವಿಮಾನವನ್ನು ಸೂರಿಗೆ ತೂಗುಹಾಕಲು ಸ್ಟೂಲು ಹತ್ತಿ ಬಿದ್ದಿದ್ದರು. ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ನೋವಿಗೆ ಪ್ರಜ್ಞೆ ತಪ್ಪಿತ್ತು. ಈರ ಅವರ ಕಾಲನ್ನು ನೇರ ಮಾಡಿ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

‘ಅವ್ವ, ಅಂಟಿನ ಬಾಟ್ಲಿ ಕಪಾಟಲ್ಲಿದೆ. ನಾನು ಕೈ ಬಿಡಂಗಿಲ್ಲ, ನೀನೇ ಕೊಡು’ ಅಂದ.

‘ಅಂಟು ಬ್ಯಾಡ ಕಣೋ! ಆಟೋ ಕರೀತೀನಿ. ಬಿಡೋ ಕಾಲು!’

‘ಮೇಷ್ಟ್ರು ಹೇಳ್ಬೇಕು.’

ಮೇಷ್ಟ್ರ ಜೊತೆ ಈರನನ್ನೂ ಆಟೋಗೆ ಎತ್ತಿ ಹಾಕಬೇಕಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ‘ಬಿಡಪ್ಪ’ ಅಂದರು. ಬಿಡಲಿಲ್ಲ. ನರ್ಸು ಗದರಿದಳು. ಬಿಡಲಿಲ್ಲ. ಕೊನೆಗೆ ಮೇಷ್ಟ್ರಿಗೇ ಎಚ್ಚರವಾಗಿ, ನರಳುತ್ತಾ, ‘ಬಿಡು ಈರ’ ಅಂದ ಮೇಲೆ ಬಿಟ್ಟ. ಡಾಕ್ಟರು ಕಾಲು ನೋಡಿ, ‘ಇಷ್ಟು ದೂರ ಅಲ್ಲಾಡದ ಹಾಗೆ ಹಿಡ್ಕೊಂಡು ಬಂದಿದ್ದಾನಲ್ಲ. ಇಲ್ಲದಿದ್ದರೆ ಮೂಳೆ ಚರ್ಮ ಹರಿದು ಈಚೆ ಬರ್ತಿತ್ತು’ ಅಂದರು. ಮಗನ ಬಗ್ಗೆ ಹೊರಗಿನವರ ಬಾಯಲ್ಲಿ ಒಂದು ಒಳ್ಳೆಯ ಮಾತು ಮಾಳಮ್ಮ ಅವತ್ತೇ ಮೊದಲು ಕೇಳಿದ್ದು. ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

ಕಾಲಿಗೆ ಒಣಗಿದರೆ ಕಲ್ಲಾಗುವ ಬಿಳಿಯ ಪ್ಲಾಸ್ಟರ್ ಬ್ಯಾಂಡೇಜು ಮೆತ್ತಿ ಕಳಿಸಿದರು. ಎರಡು ದಿನ ಕಳೆಯಿತು. ಮೇಷ್ಟ್ರು ಮಾತ್ರೆ ನುಂಗಿ ಮಲಗಿದ್ದರು. ‘ನೋಡ್ಕೋ ಮಗ’ ಅಂತ ಹೇಳಿ ಮಾಳಮ್ಮ ಗಾಡಿಗೆ ಹೋದಳು.

ಈರ ನೋಡಿಕೊಂಡ. ಮುರಿದ ಕಡೆ ಬಿಳಿಯದು ಮೆತ್ತಿದೆ. ತಟ್ಟಿ ನೋಡಿದ, ಒಣಗಿದೆ. ಇನ್ನೇನು ಬೇಕು? ಸ್ಯಾಂಡ್ ಪೇಪರ್ ತಂದ. ಉಜ್ಜಿದ. ಉಬ್ಬುತಗ್ಗು ಹೋಗಿ ನುಣ್ಣಗಾಯಿತು. ಬಣ್ಣದ ಡಬ್ಬಿ ತೆಗೆದ.

ಮಾಳಮ್ಮ ಅನ್ನ ಸಾರು ತಂದಾಗ ಮೇಷ್ಟ್ರು ನಿದ್ದೆಯಿಂದ ಎದ್ದು, ಬಿಟ್ಟ ಕಣ್ಣು ಬಿಟ್ಟ ಹಾಗೇ ತಮ್ಮ ಕಾಲನ್ನೇ ನೋಡುತ್ತಿದ್ದರು. ಬ್ಯಾಂಡೇಜಿನ ತುಂಬ ಕೆಂಪು ಬಣ್ಣ. ಮೊಣಕಾಲಿಂದ ಹಿಮ್ಮಡಿಗೆ ಒಂದು ನೀಲಿ ಗೆರೆ. ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಕಿಟಕಿ. ಅವಳು ಪಾತ್ರೆಯನ್ನು ನೆಲಕ್ಕಿಟ್ಟಳು. ಇದ್ದ ಒಂದು ಮನೆಯೂ ಹೋಯಿತು ಅಂದುಕೊಂಡಳು.

‘ಹಂಗೆ ಮಾಡ್ತಾರೇನ್ಲಾ ಮಗ...’

‘ಮಾಳಮ್ಮ, ತಡಿ’ ಅಂದರು ಮೇಷ್ಟ್ರು. ‘ಆ ಗೆರೆ ನೋಡು. ಎಷ್ಟು ನೇರ ಇದೆ. ನನ್ನ ಕೈಯಲ್ಲಿ ಇಂಥ ಗೆರೆ ಬಂದು ಎಷ್ಟು ಕಾಲವಾಯ್ತೋ.’ ಈರನ ಕೈ ಹಿಡಿದುಕೊಂಡರು. ‘ಇವನು ಎಲ್ಲಿಗೂ ಹೋಗೋದು ಬೇಡ. ಇನ್ನು ಕೆಲಸವೆಲ್ಲ ಇವನಿಗೆ ಕಲಿಸ್ತೀನಿ. ನಾಳೆ ನಾವಿಬ್ಬರೂ ಇಲ್ಲದಿದ್ದರೂ, ಮುರಿದದ್ದು ಹಿಡ್ಕೊಂಡು ಜನ ಇವನ ಬಾಗಿಲಿಗೇ ಬರಬೇಕು.’

ಮಾಳಮ್ಮ ಅಲ್ಲೇ ಕೂತು ಮನಸಾರೆ ಅತ್ತಳು. ಈರನಿಗೆ ಯಾಕೆ ಅಂತ ತಿಳಿಯಲಿಲ್ಲ. ‘ಅವ್ವ, ಬಣ್ಣದ ಮ್ಯಾಲೆ ಕಣ್ಣೀರು ಹಾಕ್ಬ್ಯಾಡ, ಇನ್ನೂ ಹಸಿ ಇದೆ’ ಅಂದ.

ಮೂಳೆ ಕೂಡಿತು. ಬ್ಯಾಂಡೇಜು ತೆಗೆಯುವ ದಿನ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರು ಗರಗಸದ ಮೆಷಿನ್ನಿನಲ್ಲಿ ಆ ಕಡೆ ಕೊಯ್ದರು, ಈ ಕಡೆ ಕೊಯ್ದರು. ಕೆಂಪು ವಿಮಾನ ಎರಡು ಹೋಳಾಗಿ ಬಾಯಿ ಬಿಟ್ಟಿತು. ‘ಆಯ್ತು, ಇನ್ನು ನಡೀಬಹುದು’ ಅಂದರು.

ಮುರಿದದ್ದು ಈರನ ಕಣ್ಣಿಗೆ ಬಿತ್ತು. ಥಟ್ಟನೆ ಬಗ್ಗಿದ. ಎರಡೂ ಹೋಳನ್ನು ಮೇಷ್ಟ್ರ ಕಾಲಿನ ಸುತ್ತ ಮತ್ತೆ ನೇರವಾಗಿ ಕೂಡಿಸಿ, ಗಟ್ಟಿಯಾಗಿ ಹಿಡಿದುಕೊಂಡು ಕೂತ.

‘ಬಿಡು ಅನ್ನಿ ಬುದ್ಧಿ’ ಅಂದಳು ಮಾಳಮ್ಮ. ಮೇಷ್ಟ್ರು ಹೇಳಬೇಕು ಅಂತ ಬಾಯಿ ತೆರೆದರು. ನಗು ಬಂತು. ಮತ್ತೆ ತೆರೆದರು. ಮತ್ತೆ ನಗು ಬಂತು. ಡಾಕ್ಟರೂ ನಕ್ಕರು, ಮಾಳಮ್ಮನೂ ನಕ್ಕಳು. ಒಬ್ಬರಿಗೂ ಮಾತು ಹೊರಡದು. ಈರ ಮಾತ್ರ ನಗಲಿಲ್ಲ. ಕೈ ಅಲ್ಲಾಡಿದರೆ ಜೋಡಣೆ ಕೆಡುತ್ತದಲ್ಲ, ಉಸಿರು ಹಿಡಿದು ಕಾಯುತ್ತಾ ಕೂತಿದ್ದ.