ತುದಿಯ ಚುಕ್ಕೆ

ಜೀರಿಗೆಸಣ್ಣ ತಳಿಯ ಭತ್ತದ ಒಂದು ಕಾಳಿಗೆ ತನ್ನ ಒರಟು ಸಿಪ್ಪೆಯನ್ನು ಕಂಡರೆ ಆಗುತ್ತಿರಲಿಲ್ಲ. ಮೂಟೆಯ ಜೊತೆ ಗಿರಣಿಗೆ ಹೋದ ದಿನ ಅದು ಯಂತ್ರವನ್ನು ಕೇಳಿಯೇ ಬಿಟ್ಟಿತು: “ರಾಯರೇ, ನನ್ನನ್ನು ಮುತ್ತಿನ ಹಾಗೆ ಬೆಳ್ಳಗೆ ಮಾಡುವಿರಾ?”

“ಮಾಡುತ್ತೇನೆ,” ಎಂದಿತು ಯಂತ್ರ. “ಆದರೆ ನಿನ್ನ ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಚುಕ್ಕೆಯಿದೆ. ಉಜ್ಜುವಾಗ ಅದೂ ಹೋಗುತ್ತದೆ.”

“ಅದರಿಂದ ಇಷ್ಟು ದಿನ ನನಗೇನೂ ಉಪಯೋಗವಾಗಿಲ್ಲ. ತೆಗೆದುಕೊಳ್ಳಿ.”

ಕಾಳು ಹೊಳೆಯುತ್ತ ಹೊರಬಂತು. ಗೋಣಿಚೀಲದಲ್ಲಿ ಮನೆ ಸೇರಿದ ಅಕ್ಕಿಯೆಲ್ಲ ಅಡುಗೆಮನೆಗೆ ಹೋಯಿತು. ಇದೊಂದು ಮಾತ್ರ ಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡಿತು. ಮುಂಗಾರು ಶುರುವಾದಾಗ ಮನೆಯಾಕೆ ಅದೇ ಚೀಲಕ್ಕೆ ಬಿತ್ತನೆಯ ಭತ್ತ ತುಂಬಿ, ನೀರಲ್ಲಿ ನೆನೆಸಿ, ಮೊಳಕೆ ಬರಲೆಂದು ಮೇಲೆ ಕಲ್ಲು ಹೇರಿಟ್ಟಳು. ಸಿಪ್ಪೆ ಹೊದ್ದು ಬಂದ ಆ ಬಂಧುಗಳನ್ನು ಕಂಡು ಬಿಳಿ ಕಾಳಿಗೆ ನಗು ತಡೆಯಲಾಗಲಿಲ್ಲ.

ಮೂರನೆಯ ದಿನ ಆ ನಗು ನಿಂತುಹೋಯಿತು. ಸುತ್ತಲಿನ ಒಂದೊಂದು ಕಾಳಿನ ತುದಿಯಿಂದಲೂ ಮೊಳಕೆ ಇಣುಕುತ್ತಿತ್ತು. ಎಲ್ಲವೂ ಗದ್ದೆಯ ಮಾತಾಡುತ್ತಿದ್ದವು. ಬಿಳಿ ಕಾಳು ತನ್ನ ತುದಿಯನ್ನು ನೋಡಿಕೊಂಡಿತು. ಚುಕ್ಕೆಯಿದ್ದ ಜಾಗದಲ್ಲೊಂದು ಗುಳಿಯಿತ್ತು. ಒಳಗಿನಿಂದ ಹುಳಿ ವಾಸನೆ ಬರುತ್ತಿತ್ತು.

ಅದು ಗೋಣಿಚೀಲವನ್ನು ಕೇಳಿತು: “ಚೀಲಣ್ಣಾ, ನೀನು ಗಿರಣಿಗೆ ಹೋಗಿ ಬರುವವನು. ಯಂತ್ರ ನನ್ನ ಚುಕ್ಕೆಯನ್ನು ಎಲ್ಲಿಟ್ಟಿದೆ? ಈ ಬಿಳುಪನ್ನೆಲ್ಲ ವಾಪಸು ಕೊಟ್ಟು ಬಿಡಿಸಿಕೊಂಡು ಬರುತ್ತೇನೆ.”

“ಯಂತ್ರ ಅದನ್ನು ಇಟ್ಟುಕೊಳ್ಳಲೇ ಇಲ್ಲವಲ್ಲ, ತಂಗೀ,” ಎಂದಿತು ಗೋಣಿಚೀಲ. “ನಿನ್ನ ಹಿಂದೆಯೇ ತೌಡಿನ ಜೊತೆ ಮನೆಗೆ ಬಂತು. ಅವತ್ತು ಸಂಜೆಯೇ ಎಮ್ಮೆ ತಿಂದುಬಿಟ್ಟಿತು.”