ಬುಟ್ಟಿ ಹೆಣೆಯುವವಳ ಕಾಗದ

"ಮಕ್ಕಳು ಬರೆಯುವುದಕ್ಕೆ ವಿಷಯವನ್ನು ನಾನೇ ಕೊಡಬೇಕೋ, ಅವರೇ ಹುಡುಕಿಕೊಳ್ಳಲಿ ಎಂದು ಬಿಡಬೇಕೋ?" ಎಂದು ಸೋಮಲಿಂಗ ಗುರುಗಳನ್ನು ಕೇಳಿದ.

ಅವನು ಮಠದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ವಾರಕ್ಕೊಂದು ದಿನ ಅವರಿಂದ ಸ್ವಂತವಾಗಿ ಏನಾದರೂ ಬರೆಸು ಎಂದು ಗುರುಗಳೇ ಹೇಳಿದ್ದರು. ಆರು ತಿಂಗಳಿಂದ ಅವನು ಅದರ ಹಿಂದೆ ಬಿದ್ದಿದ್ದ. ನದಿಯ ಬಗ್ಗೆ ಬರೆಯಿರಿ ಎಂದರೆ ಮೂವತ್ತು ಮಕ್ಕಳೂ ಒಂದೇ ನದಿಯನ್ನು ಬರೆದರು. ಅದು ಬೆಟ್ಟದಲ್ಲಿ ಹುಟ್ಟಿ ಸಮುದ್ರ ಸೇರುತ್ತಿತ್ತು. ನಿಮಗೆ ಇಷ್ಟ ಬಂದದ್ದನ್ನು ಬರೆಯಿರಿ ಎಂದರೆ ಯಾರ ಹಾಳೆಯ ಮೇಲೂ ಅಕ್ಷರ ಮೂಡಲಿಲ್ಲ. ಒಬ್ಬ ಹುಡುಗಿಯಂತೂ ತನ್ನ ಬಳಿ ಬರೆಯುವಂಥದ್ದು ಏನೂ ಇಲ್ಲವೆಂದು ಅತ್ತೇಬಿಟ್ಟಳು. ಅದನ್ನು ಹೇಳುವಾಗ ಸೋಮಲಿಂಗನ ದನಿಯೂ ತಗ್ಗಿತು.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಕಾಗದ ಬರೆದುಕೊಡುವವನೊಬ್ಬನಿದ್ದ. ಓದುಬರಹ ಬಾರದವರು ದೂರದಲ್ಲಿರುವ ತಮ್ಮವರಿಗೆ ಸುದ್ದಿ ಕಳಿಸಬೇಕಾದಾಗ ಅವನ ಜಗಲಿಗೆ ಬರುತ್ತಿದ್ದರು. ಅವನ ಬರವಣಿಗೆ ನೋಡಲು ಅಂದವಾಗಿತ್ತು. ಯಾರಿಗೆ ಯಾವ ಮಾತು ಒಪ್ಪುತ್ತದೆ ಎಂಬುದು ತನಗೆ ಚೆನ್ನಾಗಿ ಗೊತ್ತೆಂದು ಅವನು ತಿಳಿದಿದ್ದ. ಗಂಡನಿಗೆ ಬರೆಯುವುದಕ್ಕೆ ಒಂದು ಒಕ್ಕಣೆ, ಮಕ್ಕಳಿಗೆ ಇನ್ನೊಂದು, ಬೀಗರಿಗೆ ಮತ್ತೊಂದು. ಬಂದವರು ಬಾಯಿ ತೆರೆಯುವ ಮೊದಲೇ ಅರ್ಧ ಕಾಗದ ಮುಗಿದಿರುತ್ತಿತ್ತು. ಅವರಿಗೂ ಅದರಿಂದ ಸಮಾಧಾನವೇ ಆಗುತ್ತಿತ್ತು.

ಅವನ ಬಳಿಗೆ ಬುಟ್ಟಿ ಹೆಣೆಯುವ ಒಬ್ಬ ಹೆಂಗಸು ತಿಂಗಳಿಗೊಮ್ಮೆ ಬರುತ್ತಿದ್ದಳು. ಅವಳ ಮಗಳನ್ನು ಎರಡು ದಿನದ ದಾರಿಯಷ್ಟು ದೂರದ ಊರಿಗೆ ಮದುವೆ ಮಾಡಿ ಕೊಟ್ಟಿತ್ತು. ಮಗಳು ಅಲ್ಲಿ ಓದುಬರಹ ಕಲಿತಿದ್ದಳು. ತಾಯಿ ಜಗಲಿಯ ಅಂಚಿನಲ್ಲಿ ಕುಳಿತು, ಮಗಳಿಗೊಂದು ಕಾಗದ ಬರೆದುಕೊಡಿ ಎನ್ನುತ್ತಿದ್ದಳು. ಅವನು ಬರೆಯುತ್ತಿದ್ದ. ಇಲ್ಲಿ ನಾವೆಲ್ಲ ಕ್ಷೇಮ. ಮಳೆಬೆಳೆ ಚೆನ್ನಾಗಿದೆ. ಅತ್ತೆ ಮಾವಂದಿರ ಮಾತು ಮೀರದೆ ನಡೆದುಕೊ. ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರು. ಅವಳು ಹೆಬ್ಬೆಟ್ಟು ಒತ್ತಿ ಎದ್ದು ಹೋಗುತ್ತಿದ್ದಳು. ಒಂದು ವರ್ಷ ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ಹೆಣ್ಣೊಬ್ಬಳು ಆ ಜಗಲಿಯ ಮುಂದೆ ಬಂದು ನಿಂತಳು. ಕಾಲೆಲ್ಲ ಧೂಳಾಗಿತ್ತು. ಅವಳು ಸೆರಗಿನ ಗಂಟು ಬಿಚ್ಚಿ ಹನ್ನೆರಡು ಕಾಗದಗಳನ್ನು ಅವನ ಮುಂದೆ ಇಟ್ಟಳು.

"ನನ್ನ ಅವ್ವ ಸತ್ತು ಎಷ್ಟು ದಿನವಾಯಿತು?" ಎಂದು ಕೇಳಿದಳು.

ಕಾಗದಗಳ ಮೇಲಿನ ಹೆಸರು ನೋಡಿ, ಅವಳು ಬುಟ್ಟಿ ಹೆಣೆಯುವವಳ ಮಗಳೆಂದು ಅವನಿಗೆ ತಿಳಿಯಿತು. ನಿನ್ನ ತಾಯಿ ಮೊನ್ನೆ ಇಲ್ಲೇ ಕುಳಿತಿದ್ದಳಲ್ಲ ಎಂದ. ಅವಳು ನಂಬಲಿಲ್ಲ. ಮೊದಮೊದಲು ಕಾಗದ ಬಂದಾಗ ಹಿಗ್ಗಿದ್ದಳಂತೆ. ಒಂದೊಂದಾಗಿ ಕೂಡುತ್ತ ಬಂದ ಹಾಗೆ ಅವುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಎಲ್ಲ ಒಂದೇ. ತನ್ನ ಅವ್ವ ಆಡುವ ಮಾತು ಅವುಗಳಲ್ಲಿ ಒಂದೂ ಇರಲಿಲ್ಲ. ಹಳ್ಳ ಉಕ್ಕಿ ಬಿದಿರಿನ ಮೆಳೆಯನ್ನೇ ಕೊಚ್ಚಿಕೊಂಡು ಹೋಯಿತೆಂದು ದಾರಿಹೋಕರು ಹೇಳಿದ ತಿಂಗಳಲ್ಲೂ ಕಾಗದದಲ್ಲಿ ಮಳೆಬೆಳೆ ಚೆನ್ನಾಗಿತ್ತು. ಅವ್ವ ತೀರಿಕೊಂಡಿದ್ದಾಳೆ, ಬಾಣಂತಿಗೆ ಹೇಳಬಾರದೆಂದು ಯಾರೋ ಅವಳ ಹೆಸರಿನಲ್ಲಿ ಬರೆಸುತ್ತಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಮನೆಯವರು ಬೇಡವೆಂದರೂ ಕೂಸನ್ನು ಎತ್ತಿಕೊಂಡು ಹೊರಟವಳು, ಅವ್ವನಿಲ್ಲದ ಮನೆಯನ್ನು ನೋಡಲು ಧೈರ್ಯವಾಗದೆ ಮೊದಲು ಇಲ್ಲಿಗೇ ಬಂದಿದ್ದಳು.

ಅವನು ಲೇಖನಿ ಕೆಳಗಿಟ್ಟು ತಾನೇ ಅವಳನ್ನು ಕರೆದುಕೊಂಡು ಹೋದ. ತಾಯಿ ಅಂಗಳದಲ್ಲಿ ಬಿದಿರು ಸೀಳುತ್ತ ಕುಳಿತಿದ್ದಳು. ಮಗಳು ಅವಳ ಹೆಗಲ ಮೇಲೆ ಮುಖವಿಟ್ಟು ಅತ್ತಳು. ಯಾಕೆ ಅಳುತ್ತಾಳೆಂದು ತಿಳಿಯದೆ ತಾಯಿ, ಕೈಯಲ್ಲಿದ್ದ ಕತ್ತಿಯನ್ನು ದೂರ ಹಿಡಿದು, ಇನ್ನೊಂದು ಕೈಯಿಂದ ಅವಳ ಬೆನ್ನು ಸವರಿದಳು. ಕಾಗದ ಬರೆಯುವವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಗಳು ನಾಲ್ಕು ದಿನ ಇದ್ದು ಗಂಡನ ಮನೆಗೆ ಮರಳಿದಳು. ಮುಂದಿನ ತಿಂಗಳು ತಾಯಿ ಎಂದಿನಂತೆ ಬಂದಳು. ಈ ಸಲ ಅವನು ಬರೆಯಲು ತೊಡಗಲಿಲ್ಲ. ಏನು ಬರೆಯಬೇಕೆಂದು ನೀನೇ ಹೇಳು ಎಂದ. ಅವಳು ಗಾಬರಿಯಾದಳು. ತನಗೇನು ಗೊತ್ತು, ತಿಳಿದವರು ನೀವು, ನೀವೇ ಬರೆಯಿರಿ ಎಂದಳು. ಅವನು ಒಂದೊಂದಾಗಿ ಕೇಳತೊಡಗಿದ. ಮೈಗೆ ಹುಷಾರಿದೆಯೇ? ಇದೆ. ಕೆಲಸ ನಡೆದಿದೆಯೇ? ನಡೆದಿದೆ. ನೆಂಟರಿಷ್ಟರು? ಚೆನ್ನಾಗಿದ್ದಾರೆ. ಕೋರ್ಟಿನ ಕಟಕಟೆಯಲ್ಲಿ ನಿಂತವಳ ಹಾಗೆ ಅವಳು ಉತ್ತರ ಕೊಟ್ಟಳು. ಅದನ್ನೆಲ್ಲ ಬರೆದರೆ ಹದಿಮೂರನೆಯ ಕಾಗದವೂ ಹಳೆಯದೇ ಆಗುತ್ತದೆಂದು ಅವನಿಗೆ ಕಂಡಿತು. ಹಾಗಾದರೆ ನಿನ್ನ ಮನಸ್ಸಿಗೆ ಬಂದದ್ದು ಯಾವುದಾದರೂ ಆಗಲಿ, ಹೇಳು ಎಂದ. ಅದು ಇನ್ನೂ ಕಷ್ಟವಾಯಿತು. ತನ್ನಂಥವಳ ಬಳಿ ಬರೆಸುವಂಥದ್ದು ಏನಿರುತ್ತದೆ ಎಂದು ನಾಚಿಕೊಂಡಳು.

ಕೊನೆಗೆ ಅವಳು ಎದ್ದಳು. ಇನ್ನೊಂದು ದಿನ ಬರುತ್ತೇನೆ ಎಂದಳು. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುತ್ತ, ಅವನಿಗೆಂದಲ್ಲ, ತನಗೆ ತಾನೇ ಹೇಳಿಕೊಂಡಳು.

"ಮದುವೆ ಮನೆಯವರು ಬುಟ್ಟಿಗೆ ಬರುವ ಹೊತ್ತಾಯಿತು. ಬೆಕ್ಕು ನೋಡಿದರೆ ಅದರೊಳಗೇ ಮರಿ ಹಾಕಿಕೊಂಡು ಕುಳಿತಿದೆ."

ಅವನು ತಲೆ ಎತ್ತಿದ. ಎಷ್ಟು ಮರಿ ಎಂದು ಕೇಳಿದ. ಕಾಗದಕ್ಕೆಂದು ಕೇಳಲಿಲ್ಲ, ತಿಳಿಯಬೇಕೆನಿಸಿ ಕೇಳಿದ.

ಮೂರು ಎಂದಳು ಅವಳು. ಎರಡು ತಾಯಿಯ ಹಾಗೆಯೇ ಬೂದು. ಮೂರನೆಯದು ಕಪ್ಪು, ಅದರ ಒಂದು ಕಾಲು ಮಾತ್ರ ಬಿಳಿ, ಸುಣ್ಣ ತುಳಿದಂತೆ. ಅದು ಮೊಲೆ ಸಿಗದೆ ಒಂದೇ ಸಮನೆ ಕೂಗುತ್ತದೆ. ಹೇಳುತ್ತ ಹೇಳುತ್ತ ಅವಳು ಮತ್ತೆ ಜಗಲಿಯ ಮೇಲೆ ಕುಳಿತಿದ್ದಳು. ಅಷ್ಟು ಬುಟ್ಟಿಗಳಿರುವಾಗ ಅದಕ್ಕೆ ಆ ಹೊಸ ಬುಟ್ಟಿಯೇ ಬೇಕಾಯಿತು. ಎತ್ತಿ ಬೇರೆ ಕಡೆ ಇಡಲು ಹೋದರೆ ಹಲ್ಲು ತೋರಿಸುತ್ತದೆ. ಮಗಳು ಚಿಕ್ಕವಳಿದ್ದಾಗ ಲಂಗದಲ್ಲಿ ಬಚ್ಚಿಟ್ಟು ತಂದ ಬೆಕ್ಕಿನ ಮೊಮ್ಮಗಳು ಅದು. ಅಜ್ಜಿಯ ಹಟವೇ ಇದಕ್ಕೂ ಬಂದಿದೆ. ಮದುವೆ ಮನೆಯವರಿಗೆ ಏನು ಹೇಳಲಿ? ಬುಟ್ಟಿ ಕೊಡುವುದಿಲ್ಲ ಎನ್ನಲೇ? ಬೆಕ್ಕು ಬಿಡುವುದಿಲ್ಲ ಎನ್ನಲೇ?

ಅವನ ಕೈ ಆಗಲೇ ಬರೆಯುತ್ತಿತ್ತು. ಅವಳು ಆಡಿದ್ದನ್ನು ಆಡಿದ ಹಾಗೆಯೇ ಬರೆದ. ಮುಗಿದ ಮೇಲೆ ಓದಿ ಹೇಳಿದ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಇದನ್ನೂ ಬರೆಯುತ್ತಾರೆಯೇ ಎಂದು ಮೆಲ್ಲಗೆ ಕೇಳಿ, ಮೊದಲಿನಿಂದ ಇನ್ನೊಮ್ಮೆ ಓದಿಸಿಕೊಂಡಳು. ಒಂದು ಕಡೆ ತಡೆದು, ಬಿಳಿಯಾಗಿರುವುದು ಹಿಂದಿನ ಕಾಲು, ಅದನ್ನೂ ಸೇರಿಸಿ ಎಂದಳು.

ಹನ್ನೊಂದನೆಯ ದಿನಕ್ಕೆ ಮಗಳ ಉತ್ತರ ಬಂತು. ಕ್ಷೇಮ ಸಮಾಚಾರವನ್ನೂ ಬಿಟ್ಟು, ಆ ಕಪ್ಪು ಮರಿ ಬದುಕಿತೇ ಎಂದೇ ಅದು ಆರಂಭವಾಗಿತ್ತು. ಆಮೇಲೆ ನಾಲ್ಕು ಪುಟ. ಕೂಸಿಗೆ ಹಲ್ಲು ಬಂದದ್ದು, ಅದು ಅಜ್ಜನ ಕಿವಿ ಕಚ್ಚಿದ್ದು, ನೆರೆಮನೆಯವರ ಹೇಂಟೆಯೇ ತಮ್ಮ ಕಾಳು ಕದಿಯುತ್ತದೆಂದು ತನಗೆ ಅನುಮಾನ ಹುಟ್ಟಿದ್ದು. ಕಾಗದ ಬರೆಯುವವನು ಅದನ್ನು ತಾಯಿಗೆ ಓದಿ ಹೇಳಿದ. ಮರಿ ಬದುಕಿದೆ, ಮದುವೆ ಮನೆಯವರು ಹಳೆಯ ಬುಟ್ಟಿಯನ್ನೇ ಒಪ್ಪಿಕೊಂಡು ಹೋದರು ಎಂದು ಅವಳು ಮೆಟ್ಟಿಲ ಬಳಿ ನಿಂತೇ ಹೇಳಲು ಶುರುಮಾಡಿದಳು. ಅವನು ಹಾಳೆ ಹುಡುಕಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು.

ಸೋಮಲಿಂಗ ಮುಂದಕ್ಕೆ ಬಾಗಿ ಕುಳಿತಿದ್ದ. ಅವನ ಮುಖ ಅರಳಿತ್ತು. "ಅವಳನ್ನು ಮೊದಲೇ ಏನು ಕೇಳಬೇಕಿತ್ತು, ಗುರುಗಳೇ? ಆ ಪ್ರಶ್ನೆ ಯಾವುದೆಂದು ತಿಳಿದರೆ ನಾಳೆಯೇ ಮಕ್ಕಳನ್ನು ಕೇಳುತ್ತೇನೆ" ಎಂದ.

"ಅದಿರಲಿ. ನೀನು ಕೇಳದೆ ಇದ್ದರೂ ಇವತ್ತು ಮಕ್ಕಳು ತಾವಾಗಿ ನಿನಗೆ ಹೇಳಿದ ಒಂದು ಮಾತನ್ನು ನನಗೆ ಹೇಳು" ಎಂದರು ಗುರುಗಳು.

ಸೋಮಲಿಂಗ ಬೆಳಗಿನಿಂದ ನಡೆದದ್ದನ್ನೆಲ್ಲ ನೆನೆಸಿಕೊಂಡ; ಅವನಿಗೆ ನೆನಪಾದವೆಲ್ಲ ತಾನು ಮಕ್ಕಳನ್ನು ಕೇಳಿದ ಪ್ರಶ್ನೆಗಳೇ.